ಪ್ಲಾಕಾ ಸೇತುವೆ ಹಳೆಯದೇ ಕಣೋ

ಗೆಳೆಯಾ,

ನಾನು ಕಳಿಸಿದ ಪ್ಲಾಕಾ ಸೇತುವೆಯ ಫೋಟೋ ನೋಡಿ ನೀನು ಕೇಳಿದೆ, "2020ರಲ್ಲಿ ಕಟ್ಟಿ ಮುಗಿಸಿದ್ದನ್ನ ಹಳೇ ಸೇತುವೆ ಅಂತ ಹೇಗೆ ಕರೀತೀಯ?" ಅಂತ. ಫೋನಲ್ಲಿ ಹೇಳಿ ಮುಗಿಸೋ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪ್ಲಾಕಾ ಇರುವುದು ಗ್ರೀಸ್‌ನ ವಾಯವ್ಯ ಮೂಲೆಯ ಎಪಿರಸ್ ಸೀಮೆಯಲ್ಲಿ. ಎತ್ತ ನೋಡಿದರೂ ಬೆಟ್ಟ. ಗಾಡಿ ಹೋಗುವ ದಾರಿ ಇರದ ಕಾಲದಲ್ಲಿ ಹೇಸರಗತ್ತೆ, ಕುದುರೆಗಳ ಬೆನ್ನ ಮೇಲೆ ಹೇರು ಹಾಕಿಕೊಂಡು ತ್ಸುಮೆರ್ಕಾ ಬೆಟ್ಟದ ಹಳ್ಳಿಯವರು ಯೊವಾನ್ನಿನಾ ಪೇಟೆಗೆ ಹೋಗಬೇಕಿತ್ತು. ನಡುವೆ ಅರಾಖ್ತೋಸ್ ನದಿ. ಚಳಿಗಾಲದ ಮಳೆಗೆ ಅದು ಉಕ್ಕಿದರೆ ದಾಟುವ ಮಾತೇ ಇಲ್ಲ.

ಸೇತುವೆಗೆ ಒಂದೇ ದೊಡ್ಡ ಕಮಾನು. ಸುಮಾರು 40 ಮೀಟರ್ ಅಗಲ, ಹತ್ತಿರಹತ್ತಿರ 20 ಮೀಟರ್ ಎತ್ತರ. ನದಿಯ ನಡುವೆ ಕಂಬ ನೆಟ್ಟರೆ ಪ್ರವಾಹ ಕಿತ್ತುಕೊಂಡು ಹೋಗುತ್ತೆ ಅಂತ ದಡದಿಂದ ದಡಕ್ಕೆ ಒಂದೇ ಸಲ ಹಾರಿಸಿದ್ದಾರೆ. ಮೇಲೆ ನಡೆಯುವಾಗ ನಿಜವಾಗಿಯೂ ಗುಡ್ಡ ಹತ್ತಿದ ಹಾಗೇ ಇರುತ್ತೆ. ನೆತ್ತಿಗೆ ಬಂದು ನಿಂತಾಗ ಎದುರು ದಡಕ್ಕೆ ಇಳಿಯುವ ಕಲ್ಲುಹಾಸು ಕಾಣಿಸಿತು. ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಕಮಾನು ಕಟ್ಟುವುದು ಎಂಥ ಎದೆಗಾರಿಕೆಯ ಕೆಲಸ ಅಂತ ಯೋಚಿಸು. ಮೊದಲು ಮರದ ಅಚ್ಚು ನಿಲ್ಲಿಸುತ್ತಾರೆ. ಎರಡೂ ದಡದಿಂದ ಕಲ್ಲು ಜೋಡಿಸುತ್ತಾ ಬರುತ್ತಾರೆ. ನೆತ್ತಿಯ ಕೊನೆಯ ಕಲ್ಲು ಕೂರುವ ತನಕ ಭಾರವೆಲ್ಲ ಮರದ ಮೇಲೆ. ಅದು ಕೂತ ಮೇಲೆ ಅಚ್ಚು ಬಿಚ್ಚಬೇಕು. ಆಗ ಕಲ್ಲು ಕಲ್ಲನ್ನು ಒತ್ತಿ ಹಿಡಿದರೆ ಸರಿ, ಇಲ್ಲದಿದ್ದರೆ ಎಲ್ಲ ನೀರುಪಾಲು. ಇಲ್ಲೂ ಅದು ಸುಲಭಕ್ಕೆ ನಿಲ್ಲಲಿಲ್ಲ. 1860ರಲ್ಲಿ ಮೊದಲಿದ್ದ ಸೇತುವೆ ಬಿತ್ತು. 1863ರಲ್ಲಿ ಮತ್ತೆ ಕಟ್ಟಿದರು, ಅದೂ ಉಳಿಯಲಿಲ್ಲ. ಹತ್ತಿರದ ಪ್ರಮಾಂತಾ ಊರಿನ ಕೋಸ್ತಾಸ್ ಬೆಕಾಸ್ ಅನ್ನುವ ಮೇಸ್ತ್ರಿ 1866ರಲ್ಲಿ ಕಟ್ಟಿದ್ದು ನಿಂತಿತು.

ಆಮೇಲೆ ಅದು ಏನೆಲ್ಲ ನೋಡಿತು! 1881ರಿಂದ ಬಾಲ್ಕನ್ ಯುದ್ಧದ ತನಕ ಈ ನದಿಯೇ ಗ್ರೀಸ್‌ಗೂ ಆಟೋಮನ್ ಸಾಮ್ರಾಜ್ಯಕ್ಕೂ ಗಡಿ. ಸೇತುವೆ ಪಕ್ಕದಲ್ಲೇ ಸುಂಕದ ಕಟ್ಟೆ. 1944ರ ಫೆಬ್ರುವರಿ 29ರಂದು, ಜರ್ಮನ್ನರ ವಿರುದ್ಧ ಹೋರಾಡುತ್ತಾ ತಮ್ಮತಮ್ಮಲ್ಲೇ ಗುಂಡು ಹಾರಿಸಿಕೊಳ್ಳುತ್ತಿದ್ದ ಗುಂಪುಗಳು ಇಲ್ಲೇ ಕದನವಿರಾಮಕ್ಕೆ ಸಹಿ ಹಾಕಿದವು.

2015ರ ಫೆಬ್ರುವರಿ 1ರಂದು ನದಿ ಉಕ್ಕಿ ಆ ದೊಡ್ಡ ಕಮಾನು ಕುಸಿಯಿತು. ಆಗಲೇ ಒಂದು ಕಾಂಕ್ರೀಟ್ ಸೇತುವೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ಅಥೆನ್ಸ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಹಳೇ ಅಳತೆಗಳನ್ನೆಲ್ಲ ಹುಡುಕಿ ತೆಗೆದರು. ಬಿದ್ದಿದ್ದರಲ್ಲಿ ಬಳಸಲು ಬರುವ ಕಲ್ಲು ಆರಿಸಿಕೊಂಡರು. ಮತ್ತೆ ಅಚ್ಚು ನಿಲ್ಲಿಸಿ, ಕಲ್ಲಿಗೆ ಕಲ್ಲು ಕೂರಿಸಿ, ಅದೇ ಕಮಾನನ್ನು ಅದೇ ಜಾಗದಲ್ಲಿ ಎತ್ತಿ ನಿಲ್ಲಿಸಿದರು. ಬೆಕಾಸ್ ಕಟ್ಟಿದ್ದೂ ಬಿದ್ದದ್ದರ ಜಾಗದಲ್ಲೇ ತಾನೇ? ಹಾಗಾಗಿ ನನ್ನ ಮಟ್ಟಿಗೆ ಇದು ಹಳೇ ಸೇತುವೆಯೇ. ಇದರಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಇದೇ ನದಿ ಕೆಳಗೆ ಆರ್ತಾ ಅನ್ನುವ ಊರು ಮುಟ್ಟುತ್ತೆ. ಅಲ್ಲೂ ಒಂದು ಕಲ್ಲಿನ ಸೇತುವೆ, ಅದಕ್ಕೊಂದು ಜನಪದ ಹಾಡು. ಹಗಲು ಕಟ್ಟಿದ್ದು ರಾತ್ರಿ ಬೀಳುತ್ತಿರುತ್ತದೆ. ಮೇಸ್ತ್ರಿಯ ಹೆಂಡತಿಯನ್ನೇ ಆಹುತಿ ಕೊಡಬೇಕು ಅಂತಾಗುತ್ತದೆ. ಉಂಗುರ ಬಿದ್ದಿದೆ ಅಂತ ಸುಳ್ಳು ಹೇಳಿ ಅವಳನ್ನು ಕೆಳಗಿಳಿಸಿ ಕಲ್ಲು ಕಟ್ಟುತ್ತಾರೆ. ಸೇತುವೆ ನಡುಗಲಿ, ದಾಟುವವರು ಉದುರಲಿ ಅಂತ ಅವಳು ಶಪಿಸುತ್ತಾಳೆ. ಪರದೇಶದಲ್ಲಿರುವ ಅಣ್ಣ ಎಂದಾದರೂ ಇದನ್ನೇ ದಾಟಬಹುದು ಅನ್ನುವ ಮಾತು ಬಂದಾಗ ಶಾಪ ಹಿಂದಕ್ಕೆ ತಗೊಳ್ಳುತ್ತಾಳೆ. ಇದನ್ನು ಕೇಳಿದಾಗ ನನಗೆ ನಮ್ಮ ಭಾಗೀರಥಿಯದೇ ನೆನಪು. ಅಲ್ಲಿ ನಿಲ್ಲದ ಸೇತುವೆ, ಇಲ್ಲಿ ನೀರು ಬಾರದ ಕೆರೆ. ಎರಡೂ ಕಡೆ ಮನೆಗೆ ಬಂದ ಹೆಣ್ಣನ್ನೇ ಕೊಟ್ಟರು. ನಮ್ಮವಳು ಯಾರಿಗೂ ಶಾಪ ಹಾಕುವುದಿಲ್ಲ. ಅದೇ ನನ್ನನ್ನು ಜಾಸ್ತಿ ಕಾಡುತ್ತೆ.

ಅಮ್ಮ 'ಕೆರೆಗೆ ಹಾರ' ಪೂರ್ತಿ ಹಾಡುತ್ತಿದ್ದರಲ್ಲ, ಈಗಲೂ ನೆನಪಿದೆಯಾ ಕೇಳು. ಹಾಡಿದರೆ ರೆಕಾರ್ಡ್ ಮಾಡಿ ಕಳಿಸು. ಅವಸರ ಮಾಡಬೇಡ, ಅವರಿಗೆ ಪುರುಸೊತ್ತಾದಾಗ ಸಾಕು.

ನಿನ್ನ ಗೆಳೆಯ