ಮಧ್ಯಾಹ್ನದ ಡಬ್ಬಿ: ಪೋಷಕರಿಗೆ ಒಂದು ಪತ್ರ

ತುಮಕೂರು
ಜುಲೈ ತಿಂಗಳ ಪತ್ರ

ಪೋಷಕರೆಲ್ಲರಿಗೂ ನಮಸ್ಕಾರ.

ಎರಡನೇ ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬೆಂಟೊ, ಅಂದರೆ ಜಪಾನಿನ ಬುತ್ತಿ ಡಬ್ಬಿಯ ಫೋಟೊ ಹಾಕಿದ್ದರಂತೆ. ಐದು ಖಾನೆ, ಒಂದೊಂದು ಖಾನೆಗೆ ಒಂದೊಂದು ಬಣ್ಣ, ಮಧ್ಯೆ ಕರಡಿ ಮುಖದ ಸ್ಯಾಂಡ್‌ವಿಚ್. ನೋಡೋಕೆ ಚೆಂದವೇ. ಆದರೆ ಆಮೇಲೆ ಕೆಲವು ತಾಯಂದಿರು ನನ್ನ ರೂಮಿಗೇ ಬಂದರು. ಎಲ್ಲರದ್ದೂ ಒಂದೇ ಪ್ರಶ್ನೆ. "ಮೇಡಂ, ಇನ್ನು ಮೇಲೆ ಇಂಥದ್ದೇ ಕಳಿಸಬೇಕಾ? ನಮ್ಮವನು ಚಿತ್ರಾನ್ನ ಬೇಡ ಅಂತ ಹಟ ಹಿಡಿದು ಕೂತಿದ್ದಾನೆ."

ಬೇಕಿಲ್ಲ. ಮನೆಮಂದಿಗೆಲ್ಲ ಬೆಳಿಗ್ಗೆ ಏನು ಮಾಡುತ್ತೀರೋ ಅದನ್ನೇ ಡಬ್ಬಿಗೂ ಹಾಕಿ. ಮಗುವಿಗೆಂದೇ ಬೇರೆ ಅಡುಗೆ ಮಾಡಬೇಡಿ. ಇದನ್ನು ಹೇಳುವುದಕ್ಕೇ ಈ ತಿಂಗಳ ಪತ್ರ. ಉಳಿದದ್ದೆಲ್ಲ ಅದರ ಜೊತೆಗಿನ ಮಾತು.

ಬೆಂಟೊ ವಿಷಯ ಬಂದಿದ್ದರಿಂದ ಅದನ್ನೇ ಮೊದಲು ಮುಗಿಸುತ್ತೇನೆ. ಜಪಾನಿನ ಮನೆಗಳಲ್ಲಿ ದಿನಾ ಕಟ್ಟುವ ಬೆಂಟೊ ನಮ್ಮ ಮೊಬೈಲಿನಲ್ಲಿ ಕಾಣುವ ಕರಡಿ, ಮೊಲಗಳದ್ದಲ್ಲ. ಆ ಕರಡಿ, ಮೊಲದ ಡಬ್ಬಿಗೆ ಅಲ್ಲಿ ಕ್ಯಾರಾಬೆನ್ ಎಂಬ ಬೇರೆ ಹೆಸರೇ ಇದೆ. ದಿನದ ಬೆಂಟೊಗೆ ಅವರು ಹೇಳುವ ಲೆಕ್ಕ ತುಂಬಾ ಸರಳ. ಮೂರು ಪಾಲು ಅನ್ನ, ಒಂದು ಪಾಲು ಮೀನು, ಮೊಟ್ಟೆ ಅಥವಾ ಸೋಯಾ, ಎರಡು ಪಾಲು ತರಕಾರಿ. ತೀರಾ ಬಡ ಡಬ್ಬಿ ಎಂದರೆ ಬಿಳಿ ಅನ್ನ, ನಡುವೆ ಒಂದು ಕೆಂಪು ಉಪ್ಪಿನಕಾಯಿ. ಅವರ ಬಾವುಟದ ಹಾಗೆ ಕಾಣುವುದರಿಂದ ಅದನ್ನು ಹಿನೊಮಾರು ಬೆಂಟೊ ಎನ್ನುತ್ತಾರೆ. ನಮ್ಮ ಮೊಸರನ್ನ ಉಪ್ಪಿನಕಾಯಿಗೂ ಅದಕ್ಕೂ ಏನು ಅಂಥ ದೂರ, ಹೇಳಿ?

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಹೆಚ್ಚಿನ ಮಕ್ಕಳು ಡಬ್ಬಿ ಒಯ್ಯುವುದೇ ಇಲ್ಲ. ಶಾಲೆಯಲ್ಲೇ ಬಿಸಿಯೂಟ. ಮಕ್ಕಳೇ ಬಿಳಿ ಏಪ್ರನ್ ಕಟ್ಟಿಕೊಂಡು ಒಬ್ಬರಿಗೊಬ್ಬರು ಬಡಿಸುತ್ತಾರೆ. ಅದು ಶುರುವಾದದ್ದು 1889ರಲ್ಲಿ, ತ್ಸುರುವೊಕಾ ಎಂಬ ಊರಿನ ಒಂದು ದೇವಸ್ಥಾನದ ಶಾಲೆಯಲ್ಲಿ. ಡಬ್ಬಿ ತರಲು ಗತಿಯಿಲ್ಲದ ಮಕ್ಕಳಿಗೆ ಅನ್ನದ ಉಂಡೆ, ಉಪ್ಪು ಹಚ್ಚಿ ಸುಟ್ಟ ಮೀನು, ಉಪ್ಪಿನಕಾಯಿ ಕೊಟ್ಟರು. 1954ರಲ್ಲಿ ಶಾಲಾ ಊಟಕ್ಕೆ ಕಾನೂನೇ ಬಂತು. ನಮ್ಮಲ್ಲಿ ಸರ್ಕಾರದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಮೊದಲು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ನಮ್ಮ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಮಧ್ಯಾಹ್ನ ಬಿಸಿ ಸಾರನ್ನ ಉಣ್ಣುತ್ತಾರೆ. ನಮ್ಮದು ಅನುದಾನವಿಲ್ಲದ ಶಾಲೆ, ಆ ಭಾಗ್ಯ ನಮಗಿಲ್ಲ. ಅದಕ್ಕೇ ಡಬ್ಬಿ.

ಹಾಗಿದ್ದರೂ ಆ ಬಿಸಿಯೂಟದ ಅಳತೆಯನ್ನು ನಾವು ಸಾಲ ತರಬಹುದು. ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ಸರ್ಕಾರದ ಲೆಕ್ಕ ಇಷ್ಟು: 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ತರಗತಿಗೆ ಇದರ ಒಂದೂವರೆಯಷ್ಟು. ಇವೆಲ್ಲ ಬೇಯಿಸುವ ಮೊದಲಿನ ತೂಕ. ಒಂದು ಸಲ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿ. ಡಬ್ಬಿಯಲ್ಲಿ ನಾವು ಹಾಕುವ ಅನ್ನ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ಕಡಿಮೆ ಬೀಳುವುದು ಬೇಳೆ ಮತ್ತು ತರಕಾರಿ. ಚಿತ್ರಾನ್ನದಲ್ಲಿ ಹತ್ತು ಕಡ್ಲೆಬೀಜ ಇದ್ದರೆ ಬೇಳೆಯ ಲೆಕ್ಕ ಮುಗಿಯುವುದಿಲ್ಲ. ಒಂದು ಹಿಡಿ ಹಾಕಿ. ಅಥವಾ ಪಕ್ಕದಲ್ಲಿ ಸ್ವಲ್ಪ ಹೆಸರುಕಾಳು ಉಸಲಿ. ರಾತ್ರಿ ಕಾಳು ನೆನೆಹಾಕುವುದಕ್ಕೆ ಎರಡು ನಿಮಿಷ ಸಾಕು, ನೆನಪಿಟ್ಟುಕೊಳ್ಳುವುದೇ ಕಷ್ಟ ಅಷ್ಟೆ.

ಈಗ ಡಬ್ಬಿಯ ಒಳಗಿನ ಮಾತು. ಊಟದ ಬಿಡುವಿನಲ್ಲಿ ನಾನು ತರಗತಿಗಳ ಕಡೆ ಒಂದು ಸುತ್ತು ಹೋಗುತ್ತೇನೆ. ಪೂರ್ತಿ ಖಾಲಿಯಾಗುವ ಡಬ್ಬಿಗಳಲ್ಲಿ ವಿಶೇಷ ಏನೂ ಇರುವುದಿಲ್ಲ. ಪುಳಿಯೋಗರೆ, ಪಲ್ಯ ಹಾಕಿ ಸುತ್ತಿದ ಚಪಾತಿ, ಚಟ್ನಿಪುಡಿ ತುಪ್ಪ ಸವರಿದ ಇಡ್ಲಿ, ಗೊಜ್ಜವಲಕ್ಕಿ. ನಮ್ಮೂರಿನ ಮಕ್ಕಳಿಗೆ ತಟ್ಟೆ ಇಡ್ಲಿಯಂತೂ ತಣ್ಣಗಾದರೂ ಪ್ರೀತಿ, ಕ್ಯಾತ್ಸಂದ್ರ ಹತ್ತಿರ ಇರುವುದರ ಪ್ರಭಾವ ಇರಬೇಕು. ಹಾಗೇ ವಾಪಸ್ ಹೋಗುವುದು ಯಾವುದು ಗೊತ್ತಾ? ಅಂಟಿಕೊಂಡು ಗಟ್ಟಿಯಾದ ನೂಡಲ್ಸ್, ಮೆತ್ತಗಾದ ಫ್ರೆಂಚ್ ಫ್ರೈಸ್, ರಬ್ಬರಿನಂತಾದ ದೋಸೆ. ಬಾಣಲೆಯಿಂದ ಇಳಿಸಿದಾಗ ಹೇಗಿತ್ತು ಅನ್ನುವುದು ಮುಖ್ಯವಲ್ಲ. ಮಧ್ಯಾಹ್ನ 12.40ಕ್ಕೆ ಹೇಗಿರುತ್ತದೆ ಅನ್ನುವುದು ಮುಖ್ಯ. ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟಿಟ್ಟು ಮಧ್ಯಾಹ್ನ ನೀವೇ ತಿಂದು ನೋಡಿ. ನಾನು ಹೇಳುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಅನ್ನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಕ್ಕಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ಅದು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಹೊತ್ತು ಕಳೆದರೆ ಮತ್ತೆ ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿ, ಹೊಟ್ಟೆನೋವು ಬರುವುದು ಇದರಿಂದಲೇ ಇರಬಹುದು, ನಾವು ಸುಮ್ನೆ ಬಿಸಿಲಿನ ಮೇಲೆ ಹಾಕುತ್ತೇವೆ. ಆದ್ದರಿಂದ ರಾತ್ರಿ ಹೊರಗೇ ಇಟ್ಟ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿಗೆ ತುಂಬಬೇಡಿ. ಬೆಳಿಗ್ಗೆಯ ಅನ್ನವನ್ನೇ ಅಗಲ ತಟ್ಟೆಯಲ್ಲಿ ಹರಡಿ, ಫ್ಯಾನಿನ ಕೆಳಗೆ ಆರಿಸಿ, ಹಬೆ ಪೂರ್ತಿ ಹೋದ ಮೇಲೆ ಮುಚ್ಚಳ ಹಾಕಿ. ಜಪಾನಿನವರೂ ಬೆಂಟೊ ಮುಚ್ಚುವ ಮೊದಲು ಇದನ್ನೇ ಮಾಡುತ್ತಾರೆ. ಬಿಸಿಬಿಸಿಯೇ ಕಳಿಸುವುದಾದರೆ ಒಳ್ಳೆಯ ಥರ್ಮಲ್ ಡಬ್ಬಿ ಬೇಕು. ಮೊದಲು ಅದಕ್ಕೆ ಕುದಿನೀರು ಹಾಕಿ ಐದು ನಿಮಿಷ ಬಿಟ್ಟು, ಚೆಲ್ಲಿ, ಹೊಗೆಯಾಡುವ ಅನ್ನ ಹುಳಿ ತುಂಬಿ. ಬಿಸಿ ಇರಲಿ, ಇಲ್ಲ ಆರಿರಲಿ. ನಡುವಿನದ್ದು ಬೇಡ.

ನಮ್ಮ ಹಿರಿಯರು ಪ್ರಯಾಣಕ್ಕೆ ಹುಳಿಯನ್ನ ಕಟ್ಟುತ್ತಿದ್ದುದು ರುಚಿಗೆ ಮಾತ್ರ ಅಲ್ಲ. ಹುಣಸೆ, ನಿಂಬೆಯ ಹುಳಿ ಅನ್ನ ಬೇಗ ಕೆಡದಂತೆ ತಡೆಯುತ್ತದೆ. ಭಾನುವಾರ ಒಂದು ಬಾಟಲಿ ಪುಳಿಯೋಗರೆ ಗೊಜ್ಜು ಕುದಿಸಿಟ್ಟರೆ ವಾರದಲ್ಲಿ ಎರಡು ಬೆಳಗು ಸಲೀಸು. ಅದೇ ಅನ್ನ ನಿಮ್ಮ ಆಫೀಸಿನ ಡಬ್ಬಿಗೂ ಆಯಿತು. ಮೊಸರನ್ನಕ್ಕೆ ಬೆಳಿಗ್ಗೆ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಹುಳಿ ಹುಳಿ. ಅನ್ನ ಮೆತ್ತಗೆ ಹಿಸುಕಿ, ಆರಿದ ಮೇಲೆ ಹಾಲು ಹಾಕಿ, ಒಂದು ಚಮಚ ಮೊಸರು ಸೇರಿಸಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಬೇಸಿಗೆಯಲ್ಲಿ ಮೊಸರು ಅರ್ಧ ಚಮಚ ಸಾಕು. ಕಾಯಿ ಚಟ್ನಿಯನ್ನು ಮಾತ್ರ ಫೆಬ್ರವರಿ ಕಳೆದ ಮೇಲೆ ಕಳಿಸಲೇಬೇಡಿ, ಹಳಸುತ್ತದೆ. ಚಟ್ನಿಪುಡಿ ಇದೆಯಲ್ಲ.

ರಾಗಿ ಮುದ್ದೆ ಡಬ್ಬಿಗೆ ಆಗುವುದಿಲ್ಲ, ಅದು ರಾತ್ರಿಗೆ ಇರಲಿ. ಆದರೆ ನುಗ್ಗೆಸೊಪ್ಪು, ಈರುಳ್ಳಿ ಹಾಕಿದ ರಾಗಿ ರೊಟ್ಟಿ ಆಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಬೆಳೆಯುವ ಮೂಳೆಗೆ ಯಾವುದು ಬೇಕು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ರೊಟ್ಟಿ ತೆಳ್ಳಗೆ ತಟ್ಟಿ, ಬೆಂದ ತಕ್ಷಣ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಜೊತೆಗೆ ಒಂದು ಹೋಳು ನಿಂಬೆ ಇಡಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಹುಳಿಹಣ್ಣು ಸಹಾಯ ಮಾಡುತ್ತದೆ. ನುಚ್ಚಿನುಂಡೆಯನ್ನು ಈಗ ಯಾರೂ ಕಳಿಸುತ್ತಿಲ್ಲ, ಯಾಕೋ ಗೊತ್ತಿಲ್ಲ. ತೊಗರಿಬೇಳೆ, ಸಬ್ಬಸಿಗೆ ಸೊಪ್ಪು, ಎಣ್ಣೆಯೂ ಇಲ್ಲ, ಸೋರುವುದೂ ಇಲ್ಲ, ಕೈಯಲ್ಲಿ ಹಿಡಿದು ತಿನ್ನಬಹುದು. ಡಬ್ಬಿಗೆ ಅಂತಲೇ ಹುಟ್ಟಿದ ತಿಂಡಿ ಅದು.

ಅಪ್ಪಂದಿರಿಗೆ ಒಂದು ಮಾತು. ಡಬ್ಬಿಯ ವಿಷಯ ಎಂದ ಕೂಡಲೇ ಈ ಪತ್ರವನ್ನು ಹೆಂಡತಿಯ ಕೈಗೆ ಕೊಡಬೇಡಿ, ನೀವೇ ಓದಿ. ಬೆಳಿಗ್ಗೆ ಎಂಟರ ಪಾಳಿಗೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ನಮ್ಮ ಶಾಲೆಯಲ್ಲಿ ಬಹಳ ಜನ ಇದ್ದಾರೆ. ಅನ್ನ ಆರಿಸುವುದು, ಡಬ್ಬಿ ತುಂಬುವುದು, ರಾತ್ರಿ ಕಾಳು ನೆನೆಹಾಕುವುದು, ಸಂಜೆ ಡಬ್ಬಿ ತೊಳೆಯುವುದು, ಇದಕ್ಕೆಲ್ಲ ಅಡುಗೆ ಬರಲೇಬೇಕು ಅಂತಿಲ್ಲ. ನಾಲ್ಕನೇ ತರಗತಿಯಿಂದ ಮೇಲಿನ ಮಕ್ಕಳೂ ತಮ್ಮ ಡಬ್ಬಿ ತಾವೇ ತುಂಬಿಕೊಳ್ಳಬಲ್ಲರು. ಹುಡುಗರೂ ಅಷ್ಟೇ. ತಾನೇ ಅಳೆದು ಹಾಕಿಕೊಂಡ ಪಲ್ಯವನ್ನು ಮಗು ವಾಪಸ್ ತರುವುದು ಕಡಿಮೆ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಎಂದು ಗಾದೆ ಇದೆ. ಅದಕ್ಕೇ ನಾವು ತಿನ್ನಿ ತಿನ್ನಿ ಎಂದು ತಲೆಯ ಮೇಲೆ ನಿಲ್ಲುವುದಿಲ್ಲ. ಮಿಕ್ಕಿದ್ದನ್ನು ಶಾಲೆಯಲ್ಲಿ ಚೆಲ್ಲಿಸುವುದೂ ಇಲ್ಲ, ಡಬ್ಬಿಯಲ್ಲೇ ಮನೆಗೆ ಕಳಿಸುತ್ತೇವೆ. ಮಗು ಎಷ್ಟು ತಿಂದಿತು ಎಂದು ನಿಮಗೆ ತಿಳಿಯಲಿ ಎಂದು. ಆದರೆ ಮಿಕ್ಕಿದ್ದಕ್ಕೆ ಬೈಯಬೇಡಿ. ಬೈಗುಳಕ್ಕೆ ಹೆದರಿದ ಮಗು ಊಟವನ್ನು ಕಾಂಪೌಂಡಿನ ಆಚೆ ಎಸೆಯುತ್ತದೆ. ಆಗ ಡಬ್ಬಿ ಖಾಲಿ, ಹೊಟ್ಟೆಯೂ ಖಾಲಿ. ಎರಡು ಮೂರು ದಿನ ಹಾಗೇ ಬಂದರೆ ಅಳತೆ ಕಡಿಮೆ ಮಾಡಿ ನೋಡಿ. ಒಂದನೇ ತರಗತಿಯ ಮಗುವಿಗೆ ದೊಡ್ಡವರ ಡಬ್ಬಿ ಕೊಟ್ಟರೆ ನೋಡಿಯೇ ಸುಸ್ತಾಗುತ್ತದೆ.

ಮೊಟ್ಟೆ, ಮಾಂಸ ತರಬಹುದಾ ಎಂದು ಕೆಲವರು ಮೆಲ್ಲಗೆ ಕೇಳಿದ್ದೀರಿ. ತರಬಹುದು. ಮನೆಯಲ್ಲಿ ತಿನ್ನುವುದನ್ನು ಶಾಲೆಯಲ್ಲಿ ಬಚ್ಚಿಟ್ಟುಕೊಂಡು ತಿನ್ನುವ ಪರಿಸ್ಥಿತಿ ನಮ್ಮಲ್ಲಿ ಯಾವ ಮಗುವಿಗೂ ಬರಬಾರದು. ಮಾಂಸ ಮಾತ್ರ ಆ ದಿನವೇ ಬೇಯಿಸಿದ್ದಾಗಿರಲಿ. ಬೇರೆಯವರ ಡಬ್ಬಿ ನೋಡಿ ಮೂಗು ಮುಚ್ಚಿಕೊಳ್ಳುವುದು, ಛೀ ಎನ್ನುವುದು ನಮ್ಮ ಶಾಲೆಯಲ್ಲಿ ಜಗಳವಾಡಿದಷ್ಟೇ ದೊಡ್ಡ ತಪ್ಪು. ಮನೆಯಲ್ಲೂ ಈ ಮಾತು ಹೇಳಿಕೊಡಿ. ಮಕ್ಕಳು ಒಬ್ಬರದ್ದೊಬ್ಬರು ಹಂಚಿಕೊಂಡು ತಿನ್ನುತ್ತಾರೆ, ನಾವು ತಡೆಯುವುದಿಲ್ಲ. ಆದ್ದರಿಂದಲೇ ಕಡ್ಲೆಬೀಜ, ಹಾಲು, ಮೊಟ್ಟೆ ಹೀಗೆ ಯಾವುದಾದರೂ ಮಗುವಿಗೆ ಆಗದಿದ್ದರೆ ಕ್ಲಾಸ್ ಟೀಚರಿಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಸಾಲದು.

ಡಬ್ಬಿ ಸ್ಟೀಲಿನದ್ದೇ ಇರಲಿ. ಖಾನೆ ಇರುವ ಪ್ಲಾಸ್ಟಿಕ್ ಡಬ್ಬಿ ಆಗಲೇ ಕೊಂಡಿದ್ದರೆ ಎಸೆಯಬೇಡಿ, ಹಣ್ಣಿಗೆ, ಒಣ ತಿಂಡಿಗೆ ಬಳಸಿ. ಬಿಸಿ ಅನ್ನ, ಎಣ್ಣೆ ಪದಾರ್ಥ ಅದಕ್ಕೆ ಬೇಡ. ಸಾರು ಹಾಕಿದರೆ ಒಂದು ಖಾನೆಯದ್ದು ಇನ್ನೊಂದಕ್ಕೆ ನುಗ್ಗುತ್ತದೆ, ಪುಸ್ತಕಕ್ಕೂ ನುಗ್ಗುತ್ತದೆ. ಅದಕ್ಕಿಂತ ಮುಖ್ಯ, ಮುಚ್ಚಳವನ್ನು ಮಗು ತಾನೇ ತೆಗೆಯಬೇಕು. ಎಲ್‌ಕೆಜಿ, ಯುಕೆಜಿಯಲ್ಲಿ ಊಟದ ಬಿಡುವಿನ ಮೊದಲ ಹತ್ತು ನಿಮಿಷ ನಮ್ಮ ಆಯಾಗಳು ಮುಚ್ಚಳದ ಜೊತೆ ಗುದ್ದಾಡುವುದರಲ್ಲೇ ಹೋಗುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಮಗುವಿನ ಕೈಯಲ್ಲಿ ತೆಗೆಸಿ ನೋಡಿ.

ಚಿಪ್ಸ್, ಕುರುಕುರು ಪ್ಯಾಕೆಟ್, ಬಣ್ಣದ ಜ್ಯೂಸ್ ಬೇಡ. ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿರುವ ತಿನಿಸನ್ನು ಶಾಲೆಯೊಳಗೂ, ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ಮಾರುವುದಕ್ಕೆ ಬಿಡದೆ ಇರುವುದನ್ನು ಡಬ್ಬಿಯಲ್ಲಿ ತಂದರೆ ಏನು ಪ್ರಯೋಜನ? ಆನ್‌ಲೈನ್ ಪಾರ್ಸೆಲ್ ಗೇಟಿಗೆ ತರಿಸಬೇಡಿ, ವಾಚ್‌ಮನ್ ಅದನ್ನು ಒಳಗೆ ಬಿಡುವುದಿಲ್ಲ. ಕರೆಂಟು ಹೋಯಿತು, ಗ್ಯಾಸ್ ಖಾಲಿಯಾಯಿತು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಹೀಗೆ ಡಬ್ಬಿ ಆಗದ ದಿನ ಎಲ್ಲರ ಮನೆಯಲ್ಲೂ ಬರುತ್ತದೆ. ಅಂಥ ದಿನ ಹತ್ತು ಗಂಟೆಯೊಳಗೆ ಆಫೀಸಿಗೆ ಫೋನ್ ಮಾಡಿ. ಮಗುವಿಗೆ ಊಟ ನಾವು ಹಾಕುತ್ತೇವೆ. ಸಂಕೋಚ ಪಡಬೇಡಿ, ಕಾರಣವನ್ನೂ ಕೇಳುವುದಿಲ್ಲ.

ಶನಿವಾರ ಎಂದಿನಂತೆ ಅರ್ಧ ದಿನ, ಡಬ್ಬಿ ಬೇಡ, ಒಂದು ಬಾಳೆಹಣ್ಣೋ ಸೀಬೆಹಣ್ಣೋ ಸಾಕು. ನೀರಿನ ಬಾಟಲಿ ಮಾತ್ರ ಎಲ್ಲ ದಿನವೂ ಬೇಕು.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ

ಮರೆತಿದ್ದೆ: ವಾರಸುದಾರರಿಲ್ಲದ ಮುಚ್ಚಳ, ಚಮಚಗಳು ಆಫೀಸಿನ ಬೀರುವಿನಲ್ಲಿ ಒಂದು ರಾಶಿ ಬಿದ್ದಿವೆ. ಈ ತಿಂಗಳ ಪೋಷಕರ ಸಭೆಗೆ ಬಂದಾಗ ನಿಮ್ಮದು ಹುಡುಕಿ ತೆಗೆದುಕೊಂಡು ಹೋಗಿ. ಮುಂದಿನ ಸಲ ಡಬ್ಬಿಗೆ ಹೆಸರು ಕೆತ್ತಿಸುವಾಗ ಮುಚ್ಚಳದ ಮೇಲೂ ಕೆತ್ತಿಸಿ.