ದಿಬ್ಬ ಕಂಡ ಕೂಡಲೇ ಹಿಮನದಿ ಅನ್ನಬೇಡ

ಪ್ರಿಯ ಗೆಳೆಯಾ,

ಕಣಿವೆಗೆ ಅಡ್ಡಲಾಗಿ ಬಿಲ್ಲಿನಂತೆ ಬಾಗಿದ ದಿಬ್ಬ ಹಳೆಯ ಹಿಮನದಿ ಬಿಟ್ಟುಹೋದದ್ದೇ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ ಅಂತ ಕೇಳಿದ್ದೆ. ಆಕಾರವೊಂದನ್ನೇ ನಂಬಬೇಡ. ಭೂಕುಸಿತವೂ ಅಂಥದ್ದೇ ದಿಬ್ಬ ಕಟ್ಟುತ್ತದೆ. ಪಳಗಿದವರೂ ಇಲ್ಲಿ ಎಡವಿದ್ದಾರೆ.

ಹೊಳೆ ಕೊರೆದು ದಿಬ್ಬದ ಒಳಗು ತೆರೆದುಕೊಂಡಿರುವ ಜಾಗ ಹುಡುಕು. ನೀರು ತಂದು ಹಾಕಿದ್ದಾದರೆ ಜಲ್ಲಿ, ಮರಳು ಬೇರೆಬೇರೆ ಪದರಗಳಾಗಿ ಕೂತಿರುತ್ತವೆ. ಹಿಮನದಿ ಹಾಗೆ ಬೇರ್ಪಡಿಸುವುದಿಲ್ಲ. ಆಳೆತ್ತರದ ಬಂಡೆಗೆ ತಾಗಿಕೊಂಡೇ ನುಣ್ಣನೆಯ ಕಲ್ಲುಪುಡಿ ಇರುತ್ತದೆ. ಭೂಕುಸಿತದಲ್ಲೂ ಇಂಥ ಕಲಸುಮೇಲೋಗರ ಇರಬಹುದು. ಹಾಗಾಗಿ ಕಲ್ಲಿನ ಜಾತಿ ನೋಡು. ಪಕ್ಕದ ಇಳಿಜಾರು ಕುಸಿದಿದ್ದರೆ ಬಹುಪಾಲು ಅಲ್ಲಿನದೇ ಕಲ್ಲು, ಅಂಚೆಲ್ಲ ಮೊನಚು. ಸುಣ್ಣಕಲ್ಲಿನ ಕಣಿವೆಯಲ್ಲಿ, ತೀರಾ ಮೇಲ್ಗಡೆ ಮಾತ್ರ ಸಿಗುವ ಗ್ರಾನೈಟ್ ಬಂಡೆಗಳೂ ಬೆರೆತಿದ್ದರೆ ಹಿಮನದಿಯ ಕಡೆಗೇ ತಕ್ಕಡಿ ವಾಲುತ್ತದೆ. ಮುಷ್ಟಿಗಾತ್ರದ, ನಯವಾದ ಕಣದ ಕಲ್ಲೊಂದನ್ನು ತೊಳೆದು ಬಿಸಿಲಿಗೆ ಓರೆಯಾಗಿ ಹಿಡಿ. ಒಂದು ಮುಖ ಉಜ್ಜಿ ಚಪ್ಪಟೆಯಾಗಿ, ಅದರ ಮೇಲೆ ಉದ್ದುದ್ದ ಗೀರುಗಳಿದ್ದರೆ ಅದು ಹಿಮದ ತಳದಲ್ಲಿ ಸಿಕ್ಕಿ ತೇಯ್ದ ಕಲ್ಲು. ಗ್ರಾನೈಟಿನಲ್ಲಿ ಇದನ್ನು ಹುಡುಕಿ ಹೊತ್ತು ಕಳೆಯಬೇಡ, ದಪ್ಪ ಕಣಗಳು ಉದುರಿದಂತೆ ಗೀರೂ ಅಳಿಸಿಹೋಗುತ್ತದೆ.

ನೆಲಬಂಡೆಯ ಗೀರಿನಿಂದ ಹಿಮ ಸರಿದ ಗೆರೆ ಗೊತ್ತಾಗುತ್ತದೆ, ಯಾವ ಕಡೆಗೆ ಅನ್ನೋದು ಸಾಮಾನ್ಯವಾಗಿ ಗೊತ್ತಾಗೋಲ್ಲ. ಅದಕ್ಕೆ ಬಂಡೆಯ ಎರಡು ಮಗ್ಗುಲನ್ನೂ ನೋಡು: ಹಿಮ ಬಂದ ಕಡೆ ನುಣುಪು, ಹೋದ ಕಡೆ ಕಿತ್ತುಬಂದ ಒರಟು.

ದಿಬ್ಬ ಎಣಿಸಿ ‘ಹಿಮ ಮೂರು ಸಲ ಮುಂದೆ ಬಂದಿತ್ತು’ ಅಂತ ಮಾತ್ರ ಬರೆಯಬೇಡ. ಆಮೇಲೆ ಬಂದ ದೊಡ್ಡ ಹಿಮನದಿ ಹಿಂದಿನ ಚಿಕ್ಕವು ಬಿಟ್ಟ ದಿಬ್ಬಗಳನ್ನು ಗುಡಿಸಿಹಾಕಿರುತ್ತದೆ. ಉಳಿದಿರುವುದು ಕನಿಷ್ಠ ಲೆಕ್ಕ. ಆಲ್ಪ್ಸ್‌ನಲ್ಲಿ ಭೂಗೋಳತಜ್ಞರಾದ ಪೆಂಕ್ ಮತ್ತು ಬ್ರುಕ್ನರ್ 1909ರ ಹೊತ್ತಿಗೆ ನಾಲ್ಕು ಹಿಮಯುಗ ಗುರುತಿಸಿದ್ದರು. ಮುಂದೆ ಸಮುದ್ರತಳದ ಕೆಸರು ಪರೀಕ್ಷಿಸಿದಾಗ ಅದಕ್ಕಿಂತ ಎಷ್ಟೋ ಹೆಚ್ಚು ಕಂಡವು.

ದಿಬ್ಬದ ವಯಸ್ಸು ಬೇಕಿದ್ದರೆ ಬೆರಿಲಿಯಂ-10 ಅಳೆಸಬೇಕು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ತಾಗಿದ ಬಂಡೆಯಲ್ಲಿ ಹುಟ್ಟುವ ಪರಮಾಣು ಅದು; ಬಂಡೆ ಬಯಲಿಗೆ ಬಿದ್ದು ಹೆಚ್ಚು ಕಾಲವಾದಷ್ಟೂ ಹೆಚ್ಚು ಕೂಡಿರುತ್ತದೆ. ದಿಬ್ಬದ ನೆತ್ತಿಯಲ್ಲಿ ಭದ್ರವಾಗಿ ಕೂತ, 1 ಮೀಟರಿಗಿಂತ ಎತ್ತರದ, ಕ್ವಾರ್ಟ್ಜ್ (ಬೆಣಚುಕಲ್ಲು) ಇರುವ ಬಂಡೆ ಆರಿಸು. ಮೇಲ್ಮೈಯ 2ರಿಂದ 5 ಸೆಂ.ಮೀ. ಚಕ್ಕೆ ಸಾಕು, ಆದರೆ ಒಂದೇ ಬಂಡೆ ಸಾಲದು. ದಿಬ್ಬಕ್ಕೆ ಐದಾರಾದರೂ ಬೇಕು. ಮಣ್ಣಲ್ಲಿ ಹೂತಿದ್ದು ತಡವಾಗಿ ಹೊರಬಿದ್ದ ಬಂಡೆ ವಯಸ್ಸನ್ನು ಕಡಿಮೆ ತೋರಿಸುತ್ತದೆ, ಹಿಮನದಿ ಹೊರುವ ಮೊದಲೇ ವಿಶ್ವಕಿರಣಕ್ಕೆ ಮೈಯೊಡ್ಡಿದ್ದ ಬಂಡೆ ಹೆಚ್ಚು. ಸುತ್ತಲಿನ ಶಿಖರಗಳ ಕೋನವನ್ನೂ ಅಳೆದು ಬರೆದುಕೋ, ಅವು ಕಿರಣಗಳನ್ನು ಮರೆಮಾಡಿದಷ್ಟೂ ಲೆಕ್ಕ ತಿದ್ದಬೇಕಾಗುತ್ತದೆ.

ಇಂತಿ ನಿನ್ನ ಗೆಳೆಯ