ಹೆರೋದನಿಗೆ ಮೀಸೆ ಬರೆದ ಅಣ್ಣನಿಗೆ

ಈ ಸಲ ಮೊದಲ ಬಾರಿಗೆ ನಮ್ಮ ಚರ್ಚ್‌ನಲ್ಲಿ ಸುತ್ತಲಿನ ಮಕ್ಕಳನ್ನೆಲ್ಲ ಕರೆದು ಕ್ರಿಸ್ಮಸ್ ಮಾಡಿದೆವು. ಹಾಲ್ ತುಂಬಿತು. ತಡವಾಗಿ ಬಂದ ಮಕ್ಕಳನ್ನು ಸ್ಟೇಜಿನ ಅಂಚಿನಲ್ಲಿ ಕೂರಿಸಿದರಂತೆ. 'ಅಂತೆ' ಯಾಕೆಂದರೆ ನಾನು ಅಲ್ಲಿ ಇರಲಿಲ್ಲ. ಆದರೂ ಎಲ್ಲರೂ ನನಗೇ ಅಭಿನಂದನೆ ಹೇಳುತ್ತಿದ್ದೀರಿ!

ಯೋಚನೆ ಶುರುವಾದದ್ದು ಮೊಂತಿ ಫೆಸ್ತ್, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬದ ದಿನ. ಸೆಪ್ಟೆಂಬರ್ 8ರ ಪೂಜೆ ಮುಗಿದು ಕಬ್ಬು ಹಂಚುವಾಗ ಆಚೀಚೆ ಮನೆಯ ಮಕ್ಕಳೂ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ. ಫಾದರ್ ಆ ಮಕ್ಕಳನ್ನು ನೋಡಿ, "ಕ್ರಿಸ್ಮಸ್‌ಗೂ ಇವರನ್ನೆಲ್ಲ ಕರೆಯುವ, ಟೀಚರೇ" ಎಂದರು. ಕರೆಯುವ ಎಂದದ್ದು ಅವರು, ಓಡಾಡಿದ್ದು ನೀವೆಲ್ಲ. ಯೇಸು ಹುಟ್ಟಿದ ಗೋದಲಿ ಕಟ್ಟಿದ ಐಸಿವೈಎಂ ಎಂಬ ನಮ್ಮ ಯುವಜನ ಸಂಘದ ಹುಡುಗರಿಗೆ, ಮೈಕ್‌ನವರಿಗೆ, ಈ ಸೆಕೆಯಲ್ಲಿ ಸಾಂತಾ ಗಡ್ಡ ತಡೆದುಕೊಂಡ ಮಾವನಿಗೆ, ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳನ್ನು ಮಾಡಿದ ನಮ್ಮ ವಾರ್ಡಿನ ಹೆಂಗಸರಿಗೆ ತುಂಬಾ ಥ್ಯಾಂಕ್ಸ್. ಅದರಲ್ಲಿ ಕಿಡಿಯೊ ಎಂಬ ತಿಂಡಿಯ ಒಂದೊಂದನ್ನೂ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಬೇಕು. ಆ ಬೆರಳು ನೋವು ಮಾಡಿದವರಿಗೇ ಗೊತ್ತು.

ಇನ್ನು ರಿಕ್ಷಾ ಪಾರ್ಕಿನ ಅಣ್ಣ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಕ್ರಿಸ್ಮಸ್ ನಾಟಕದ ಹಿಂದಿನ ರಾತ್ರಿ ಅಮ್ಮನಿಗೆ ಏನಾಯಿತೆಂದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಇಳಿಸಿ ಅಣ್ಣ ಹೊರಟುಬಿಡಬಹುದಿತ್ತು. ರಿಕ್ಷಾ ಬದಿಗೆ ನಿಲ್ಲಿಸಿ ಒಳಗೆ ಬಂದರು. ಐಸಿಯು ಹೊರಗೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಧೈರ್ಯ ಮಾಡಿ, ದೇವರಿದ್ದಾನೆ ಎಂದು ಒಂದು ಮಾತೂ ಆಡಲಿಲ್ಲ. ಅದನ್ನು ಹೇಳಲು ಫೋನಿನಲ್ಲಿ ಬೇಕಾದಷ್ಟು ಜನ ಇದ್ದರು. ಇವರು ಕೇಳಿದ್ದು, "ಟೀಚರೇ, ನಾಳೆ ಆ ಹೆರೋದನಿಗೆ ಮೀಸೆ ಬರೆಯುವುದು ಯಾರು?"

ಅಣ್ಣ ರಜೆ ಸಿಕ್ಕಿದಾಗ ಯಕ್ಷಗಾನದಲ್ಲಿ ವೇಷ ಹಾಕುವವರು. ನಾಟಕದ ಕಿರೀಟಗಳನ್ನು ವೇಷಭೂಷಣದ ಅಂಗಡಿಯಿಂದ ಬಾಡಿಗೆಗೆ ಕೊಡಿಸಿದ್ದೂ ಅವರೇ. ಹೆರೋದ ಯಾರೆಂದು ಹೇಳಿದೆ. ಬೆತ್ಲೆಹೇಮಿನಲ್ಲಿ ಹೊಸ ರಾಜ ಹುಟ್ಟಿದ್ದಾನೆ ಎಂದು ಕೇಳಿ, ಎರಡು ವರ್ಷದೊಳಗಿನ ಗಂಡು ಕೂಸುಗಳನ್ನೆಲ್ಲ ಕೊಲ್ಲಿಸಿದವ.

"ಹಾಗಾದರೆ ನಮ್ಮ ಕಂಸನೇ ಅಲ್ವಾ!" ಎಂದರು. "ಇವನಿಗೆ ಮೀಸೆ ಮಾತ್ರ ಸಾಲದು. ಕಣ್ಣಿನ ಸುತ್ತ ಕೆಂಪು ಬೇಕು. ಹೆದರಿದವನ ಕೋಪ ಅದು."

ನಡುವೆ ಡಾಕ್ಟರ್ ಬಂದು ಹೇಳಿದ್ದನ್ನು ಕೇಳಿ ನಾನು ಅಲ್ಲೇ ನೆಲಕ್ಕೆ ಕುಸಿದು ಕೂತೆ. ತಮ್ಮ ಕುವೈತ್‌ನಲ್ಲಿ. ಅಪ್ಪ ಇಲ್ಲ. ಅಮ್ಮನೂ ಹೋದರೆ ಆ ಮನೆಯಲ್ಲಿ ಊಟ ಆಯಿತಾ ಎಂದು ಕೇಳಲು ಯಾರಿದ್ದಾರೆ? ಇದನ್ನು ಜೋರಾಗಿಯೇ ಹೇಳಿದೆ ಅನಿಸುತ್ತದೆ. ಅಣ್ಣ ಎಬ್ಬಿಸಲು ಬರಲಿಲ್ಲ. ತಾವೂ ಕೆಳಗೆ ಕೂತರು. ತುಂಬಾ ಹೊತ್ತಿನ ಮೇಲೆ, "ಚಾ ತರ್ತೇನೆ. ಸಕ್ಕರೆ ಹಾಕಿದ್ದು ಕುಡೀಬೇಕು" ಎಂದು ಎದ್ದು ಹೋದರು. ಚಾ ಬಂದ ಮೇಲೆ ಮತ್ತೆ ಕಂಸ, ಹೆರೋದ, ಹೆರೋದ, ಕಂಸ. ಬೆಳಗಾಯಿತು.

ಚಿಕ್ಕಮ್ಮ ಬಂದ ಮೇಲೆಯೇ ಅವರು ಹೊರಟದ್ದು. ಮಲಗಲು ಹೋದರು ಅಂದುಕೊಂಡಿದ್ದೆ. ಗುಡ್ಡದ ಮೇಲಿನ ಕಾಲನಿಯ ಮಕ್ಕಳನ್ನು ರಿಕ್ಷಾದಲ್ಲಿ ತಂದು ಬಿಟ್ಟು, ಆಮೇಲೆ ಹೆರೋದನ ಮುಖಕ್ಕೆ ಬಣ್ಣ ಹಚ್ಚಲು ಕೂತರಂತೆ. ವಿಡಿಯೋ ನೋಡಿದ್ದೀರಲ್ಲ? ಮುಂದಿನ ಸಾಲಿನ ಪುಟ್ಟ ಮಕ್ಕಳು ಅತ್ತದ್ದು ಸುಮ್ನೆ ಅಲ್ಲ. ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಅಮ್ಮನಿಗೂ ತೋರಿಸಿದೆ. "ಇದು ಯಾವ ಮೇಳದ ಆಟ?" ಎಂದು ಕೇಳಿದರು.

ಆ ರಾತ್ರಿಯ ಬಾಡಿಗೆಯನ್ನು ಅಣ್ಣ ಸರಿಯಾಗಿ ಲೆಕ್ಕ ಹಾಕಿ ತೆಗೆದುಕೊಂಡರು. ನನಗೆ ಅದೇ ಹಿತವಾಯಿತು. ವೇಟಿಂಗ್ ಚಾರ್ಜ್ ಮಾತ್ರ ಹಾಕಲಿಲ್ಲ. ಕೇಳಿದರೆ, "ಕಥೆ ಕೇಳಿದ್ದಕ್ಕೆಲ್ಲ ಚಾರ್ಜ್ ಉಂಟಾ?" ಎಂದರು.

ಅಮ್ಮ ಈಗ ಮನೆಯಲ್ಲಿದ್ದಾರೆ. ಗಂಜಿಗೆ ಉಪ್ಪಿಲ್ಲ ಎಂದು ಜಗಳ ಮಾಡುವಷ್ಟು ಆಗಿದ್ದಾರೆ. ನೋಡಲು ಬರುವವರು ಸಂಜೆ ಬನ್ನಿ, ಮಧ್ಯಾಹ್ನ ಮಲಗಿರುತ್ತಾರೆ.

ಮತ್ತೆ, ವೇಷದ ಗೆಜ್ಜೆಯಲ್ಲಿ ಒಂದು ಜೊತೆ ಇನ್ನೂ ಸಿಕ್ಕಿಲ್ಲ. ದಯವಿಟ್ಟು ಮಕ್ಕಳ ಬ್ಯಾಗ್ ನೋಡಿ. ಅಂಗಡಿಯವರು ಅಣ್ಣನನ್ನೇ ಕೇಳುತ್ತಿದ್ದಾರೆ.